ನಾಲಿಗಿ ಎತ್ರಿ, ನೋಡೂಣು

ಶಲವಡಿಯ ಔಷಧದಂಗಡಿ ಮಡಿವಾಳೆಪ್ಪನ ನೆಮ್ಮದಿ ಕೆಡಿಸಿದ್ದು ಕಡಲೆಕಾಳಿನಷ್ಟು ದೊಡ್ಡದಾದ ಒಂದು ಹಳದಿ ಗುಳಿಗೆ. ಶುಕ್ರವಾರ ಬೆಳಿಗ್ಗೆ ಅಂಗಡಿ ತೆರೆಯಲು ಹೊರಟವನಿಗೆ ಅದು ಕುಬೇರಪ್ಪನ ಮನೆ ಕಟ್ಟೆಯ ಕೆಳಗೆ ಮಣ್ಣಿನಲ್ಲಿ ಬಿದ್ದಿದ್ದು ಕಂಡಿತು. ಆ ಗುಳಿಗೆ ನುಂಗುವವನು ಇಡೀ ಊರಿಗೆ ಒಬ್ಬನೇ, ಕುಬೇರಪ್ಪ. ಅವನ ಹೊಟ್ಟೆಯಲ್ಲಿರಬೇಕಾದದ್ದು ಅಂಗಳದಲ್ಲಿ ಹೇಗೆ ಬಂತು?

ಅದು ಎಪ್ಪತ್ತಾರನೇ ಇಸವಿ. ಎರಡು ವರ್ಷದ ಹಿಂದೆ ಕುಬೇರಪ್ಪನ ಎರಡೂ ಕಿಡ್ನಿ ಕೆಟ್ಟು, ಊರವರು ಅವನ ಆಸೆ ಬಿಟ್ಟಿದ್ದರು. ಆಗ ಅವನನ್ನು ಎತ್ತಿ ಬೆಳೆಸಿದ ವಿಧವೆ ಅಕ್ಕ ಸುಶೀಲವ್ವ ವೇಲೂರಿಗೆ ಹೋಗಿ ತನ್ನ ಒಂದು ಕಿಡ್ನಿ ತೆಗೆಸಿ ಅವನಿಗೆ ಹಾಕಿಸಿದಳು. ವೇಲೂರಿನ ದೊಡ್ಡ ಡಾಕ್ಟರು ಮನೆಯವರ ಕೈಯಲ್ಲಿ ಊರಿನ ಔಷಧದಂಗಡಿಯವನಿಗೆಂದೇ ಒಂದು ಕಾಗದ ಬರೆದುಕೊಟ್ಟಿದ್ದರು. ದಿನಾ ಬೆಳಿಗ್ಗೆ ಎರಡು ಗುಳಿಗೆ ತಪ್ಪಬಾರದು, ತಪ್ಪಿದರೆ ಕಿಡ್ನಿ ಹೋಯಿತು, ಕಿಡ್ನಿ ಹೋದರೆ ಮನುಷ್ಯನೇ ಹೋದ. ಮುಂಬಯಿಯಿಂದ ಗುಳಿಗೆ ತರಿಸಿ ನುಂಗಿಸುವ ಭಾರ ನಿಮ್ಮದು. ಈ ಕಾಗದಕ್ಕೆ ಮಡಿವಾಳೆಪ್ಪ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದ.

ಭಾರ ಹೊರಲು ತಕ್ಕ ಮನುಷ್ಯನೇ ಸಿಕ್ಕಿದ್ದ ಎನ್ನಬೇಕು. ಮಡಿವಾಳೆಪ್ಪ ಹುಟ್ಟಾ ಅನುಮಾನದವನು. ರೋಗಿಗಳು ಗುಳಿಗೆಯನ್ನು ದವಡೆಯಲ್ಲಿಟ್ಟುಕೊಂಡು ಹೊರಗೆ ಹೋಗಿ ಉಗುಳುತ್ತಾರೆ ಎಂಬುದು ಅವನ ಗಟ್ಟಿ ನಂಬಿಕೆ. ಅಂಗಡಿಗೆ ಬಂದವರು ಎದುರಿಗೇ ನುಂಗಬೇಕು. ನುಂಗಿದ ಮೇಲೆ ಅವನದು ಒಂದೇ ಮಾತು: "ನಾಲಿಗಿ ಎತ್ರಿ, ನೋಡೂಣು." ಕಹಿಗೆ ಅಳುವ ಮಕ್ಕಳಿಗೆ ಮಾತ್ರ ನಾಲಿಗೆ ನೋಡಿದ ಮೇಲೆ ಬರಣಿಯಿಂದ ಒಂದು ಹಳದಿ ಲಿಂಬಿ ಪೆಪ್ಪರಮಿಂಟು ಸಿಗುತ್ತಿತ್ತು.

ಕುಬೇರಪ್ಪನಿಗೆ ಮೊದಲು ತಿಳಿಹೇಳಿದವನೂ ಅವನೇ. "ನಿಮ್ಮಕ್ಕನ ಎರಡು ಕಿಡ್ನಿ ಅಂದ್ರ ಜೋಡೆತ್ತು ಇದ್ದಂಗ. ಅದರಾಗ ಒಂದು ಈಗ ನಿಮ್ಮ ಕೊಟ್ಟಿಗಿಗೆ ಬಂದೈತಿ. ಹೊಸಾ ಎತ್ತು ಬಂದ್ರ ಮನಿ ದನ ಹಾಯಾಕ ಬರ್ತಾವಿಲ್ಲೋ? ಆ ದನಕ್ಕ ಮೂಗುದಾಣ ಹಾಕೂದ ಈ ಗುಳಿಗಿ." ಈ ಹೋಲಿಕೆ ಅವನಿಗೇ ಎಷ್ಟು ರುಚಿಸಿತ್ತೆಂದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೂ ಕರೆದು ಹೇಳುತ್ತಿದ್ದ.

ಎರಡು ವರ್ಷ ದಿನಾ ಬೆಳಿಗ್ಗೆ ಅವನೇ ಹೋಗಿ ಕುಬೇರಪ್ಪನ ಬಾಯಿ ತೆರೆಸಿ ನೋಡಿದ. ಕುಬೇರಪ್ಪನ ಬಾಜೂ ಮನೆಯ ತಿರಕಪ್ಪ ದನದ ವೈದ್ಯ. ಅವನಿಗೆ ಇದು ದಿನದ ತಮಾಷೆಯಾಯಿತು. "ಸಂತ್ಯಾಗ ಎತ್ತಿನ ಹಲ್ಲ ನೋಡಿದಂಗ ನೋಡ್ತಿಯಲ್ಲೋ ಮಡಿವಾಳ್ಯಾ! ಎಷ್ಟಕ್ಕ ತಗೊಂಡಿ?" ಎಂದು ಕಟ್ಟೆಯ ಮೇಲಿಂದ ಕೂಗುತ್ತಿದ್ದ. ಕುಬೇರಪ್ಪನಿಗೆ ನಾಚಿಕೆಯಾಗಿ, ಹೋದ ಸೋಮವಾರದಿಂದ ಸುಶೀಲವ್ವ "ನಾನ ಎಣಿಸಿ ಕೊಡ್ತೀನಿ, ನೀ ಬರಬ್ಯಾಡ" ಎಂದು ಸೀಸೆ ತನ್ನ ಹತ್ತಿರ ಇಟ್ಟುಕೊಂಡಿದ್ದಳು. ಇವತ್ತಿಗೆ ಐದು ದಿನ. ಐದನೇ ದಿನಕ್ಕೇ ಗುಳಿಗೆ ಮಣ್ಣಿನಲ್ಲಿ!

ಮಡಿವಾಳೆಪ್ಪ ಅದನ್ನೆತ್ತಿ ಅಂಗಿಯ ಕಿಸೆಗೆ ಹಾಕಿಕೊಂಡು ಕಟ್ಟೆ ಹತ್ತಿದ. ಕುಬೇರಪ್ಪ ಬೆಳಗಿನ ಊಟ ಮುಗಿಸಿ ಎಲೆಅಡಿಕೆ ಬಿಚ್ಚುತ್ತಿದ್ದ.

"ಗುಳಿಗಿ ನುಂಗಿದ್ರೇನ್ರಿ?"

"ಹೌದ್ರಿ, ನುಂಗೇನಿ."

"ಎಲ್ಲಾ?"

"ನಮ್ಮಕ್ಕ ಕೊಟ್ಟಷ್ಟೂ."

ಅವನು ಕಣ್ಣು ಕೂಡ ಮಿಟುಕಿಸಲಿಲ್ಲ. ಮಡಿವಾಳೆಪ್ಪನ ಅನುಭವದಲ್ಲಿ ಕಣ್ಣು ಮಿಟುಕಿಸದೆ ಉತ್ತರ ಕೊಡುವವನೇ ದೊಡ್ಡ ಸುಳ್ಳ. ಸುಶೀಲವ್ವ ಅಂಗಳದಲ್ಲಿ ಬಗ್ಗಿ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು. ಅವಳನ್ನು ಕೇಳಿ ಗಾಬರಿ ಮಾಡುವ ಮನಸ್ಸಾಗಲಿಲ್ಲ. ತನ್ನ ಹೊಟ್ಟೆ ಕೊಯ್ಸಿಕೊಂಡು ತಮ್ಮನನ್ನು ಉಳಿಸಿದವಳು. ಆ ಊರಿನಲ್ಲಿ ಮಡಿವಾಳೆಪ್ಪ ಅನುಮಾನ ಪಡದ ಜೀವ ಅದೊಂದೇ.

ಉಳಿದವನು ತಿರಕಪ್ಪ. "ಆ ಗುಳಿಗಿ ಒಗದು ನನ್ನ ಕಷಾಯ ಕುಡಿ" ಎಂದು ಅವನು ಕುಬೇರಪ್ಪನಿಗೆ ಹತ್ತು ಸಲ ಹೇಳಿದ್ದನ್ನು ಮಡಿವಾಳೆಪ್ಪ ತನ್ನ ಕಿವಿಯಾರೆ ಕೇಳಿದ್ದ. ಹೊತ್ತೇರಿದಂತೆ ಅನುಮಾನವೂ ಏರಿತು. ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದುಕೊಂಡು, ತಿರಕಪ್ಪನ ಹಿತ್ತಿಲಿಗೆ ಹೋಗಿ, ಧೋತರ ಮೇಲೆ ಕಟ್ಟಿ ಮೇವಿನ ಬಣವೆ ಹತ್ತಿದ. ಐವತ್ತು ವರ್ಷದ ಮನುಷ್ಯ ಬಣವೆ ಹತ್ತುವುದು ನೋಡುವಂಥ ದೃಶ್ಯವಲ್ಲ ಬಿಡಿ. ಮೇಲಿಂದ ಇಣುಕಿದರೆ ತಿರಕಪ್ಪ ಕಲ್ಲಿನ ಒರಳಲ್ಲಿ ಏನೋ ಕುಟ್ಟುತ್ತಿದ್ದ. ಅದು ಹಳದಿ!

"ಸಿಕ್ಕಿ ಮಗನ!" ಎಂದು ಮಡಿವಾಳೆಪ್ಪ ಮುಂದಕ್ಕೆ ಬಗ್ಗಿದ. ಬಣವೆಯ ಅಂಚು ಜಾರಿತು. ಮೇವಿನ ಹೊರೆಯ ಜೊತೆಗೆ ಅವನೂ ಇಳಿದು ಸೀದಾ ತಿಪ್ಪೆಯಲ್ಲಿ ಕೂತ.

"ಕಳ್ಳ! ಕಳ್ಳ ಬಂದಾನ ಬರ್ರೋ!" ತಿರಕಪ್ಪನ ಹೆಂಡತಿ ಮೈಲಾರವ್ವನ ಗಂಟಲಿಗೆ ಮೂರು ಓಣಿ ಕೂಡಿದವು. ಸಗಣಿಯಲ್ಲಿ ಸೊಂಟದವರೆಗೆ ಹುಗಿದಿದ್ದವನು ಮಡಿವಾಳೆಪ್ಪ ಎಂದು ಗೊತ್ತಾಗಲು ಸ್ವಲ್ಪ ಹೊತ್ತೇ ಬೇಕಾಯಿತು.

"ನೀ ಏನ್ ಕುಟ್ಟಾಕತ್ತಿ? ಕುಬೇರಪ್ಪನ ಗುಳಿಗಿ ಹೌದಲ್ಲೋ?" ಎಂದು ಅವನು ತಿಪ್ಪೆಯಿಂದಲೇ ಗುಡುಗಿದ.

"ಅರಿಷಿಣ ಮಾರಾಯ! ಎತ್ತಿನ ಹೆಗಲಿಗೆ ಹಚ್ಚೂದು." ತಿರಕಪ್ಪ ಒರಳನ್ನು ಎಲ್ಲರ ಮೂಗಿಗೂ ಹಿಡಿದ. ಆಮೇಲೆ ಅವನ ಕಣ್ಣು ಸಣ್ಣಗಾದವು. "ಅಲ್ಲಾ, ಆ ಗುಳಿಗಿ ಮ್ಯಾಲೆ ನಿನಗ್ಯಾಕ ಇಷ್ಟ ಜೀವ? ಅದರಾಗ ಅಂಥಾದ್ದೇನೈತಿ, ಎಲ್ಲಾರ ಮುಂದ ಹೇಳು ನೋಡೂಣು."

ಇಲ್ಲಿ ಮಡಿವಾಳೆಪ್ಪ ಸುಳ್ಳು ಹೇಳಿದ್ದರೆ ಬದುಕುತ್ತಿದ್ದ. ಓದಿದವನೆಂಬ ಹಮ್ಮು, ಖರೆ ಹೇಳಿಬಿಟ್ಟ. "ಹೊರಗಿಂದು ಒಳಗ ಬಂದ್ರ ಮೈ ಅದರ ಕೂಡ ಜಗಳಾ ತಗೀತೈತಿ. ಆ ಜಗಳದ ಶಕ್ತಿ ಕಡಿಮಿ ಮಾಡೂ ಗುಳಿಗಿ ಅದು."



"ಶಕ್ತಿ ಕಡಿಮಿ ಮಾಡೂ ಗುಳಿಗಿ!" ಮೈಲಾರವ್ವ ಎದೆ ಬಡಿದುಕೊಂಡಳು. "ಊರಾಗ ಎಲ್ಲಾರೂ ಶಕ್ತಿ ಬರಾಕ ಟಾನಿಕ್ ಕುಡೀತಾರ. ಇಂವ ಎರಡ ವರ್ಷದಿಂದ ಕುಬೇರಪ್ಪನ ಶಕ್ತಿ ತಗ್ಯಾಕತ್ತಾನ!"

"ಹಂಗಾರ ಒಂದು ನೀ ನುಂಗು, ನಮ್ಮ ಮುಂದ," ಎಂದ ತಿರಕಪ್ಪ.

ಮಡಿವಾಳೆಪ್ಪ ಕಿಸೆ ಮುಟ್ಟಿಕೊಂಡು ಹಿಂದೆಮುಂದೆ ನೋಡಿದ. ರೋಗವಿಲ್ಲದವನು ಔಷಧ ನುಂಗಬಾರದೆಂದು ಜೀವಮಾನವೆಲ್ಲ ಹೇಳಿದವನು ಅವನು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಜನ ತೀರ್ಮಾನಿಸಿದರು. ಯಾರೋ ಅವನ ಕೊರಳಪಟ್ಟಿಗೂ ಕೈ ಹಾಕಿದರು.

ಅಷ್ಟರಲ್ಲಿ ಗುಂಪು ಸೀಳಿಕೊಂಡು ಸುಶೀಲವ್ವ ಬಂದಳು. ಹಿಂದೆ ಕುಬೇರಪ್ಪ. "ಬಿಡ್ರೋ ಅಂವನ್ನ! ಅದರಾಗ ವಿಷಾ ಇಲ್ಲ, ಏನಿಲ್ಲ. ಐದ ದಿನದಿಂದ ನಾನೂ ನುಂಗೂದ ನಡಸೇನಿ. ಎಮ್ಮಿ ಹಂಗ ಅದೇನಿ, ನೋಡ್ರಿ!"

ಕೊರಳಪಟ್ಟಿ ಹಿಡಿದ ಕೈ ಬಿಟ್ಟಿತು. ಮಡಿವಾಳೆಪ್ಪ ತಿಪ್ಪೆಯಲ್ಲಿದ್ದುಕೊಂಡೇ ಅವಳತ್ತ ತಿರುಗಿದ. "ಅಕ್ಕಾ... ನೀ ಯಾಕ ನುಂಗಿದಿ?"

"ನೀನ ಹೇಳಿಲ್ಲನು ಜೋಡೆತ್ತಂತ? ಸೋಮವಾರ ತಿರಕಪ್ಪ ನಮ್ಮ ಎಡಗಡೆ ಎತ್ತಿಗೆ ಬಿದಿರಿನ ಗೊಟ್ಟದಾಗ ಔಷಧ ಹಾಕಿದಾ. ಬಲಗಡೀದಕ್ಕೂ ಹಾಕಿದಾ. ಒಂದಕ್ಕ ಹಾಕಿ ಇನ್ನೊಂದಕ್ಕ ಬಿಟ್ರ ನೊಗಾ ಓರೆ ಆಗತೈತಿ ಅಂದಾ. ನನ್ನ ಹೊಟ್ಟ್ಯಾಗ ಉಳದದ್ದಕ್ಕ ಎರಡ ವರ್ಷದಿಂದ ಏನೂ ಹಾಕಿಲ್ಲಲ್ಲ ಅಂತ ಜೀವ ಚುರ್ ಅಂತು. ಎರಡ ಗುಳಿಗಿ, ಅಂವಗೊಂದು, ನನಗೊಂದು. ಇವತ್ತಿಂದು ಅಂಗಳದಾಗ ಎಲ್ಲೋ ಬಿತ್ತು, ಮುಂಜಾನಿಂದ ಹುಡುಕಾಕತ್ತೇನಿ."

ಐದು ದಿನ ಅರ್ಧ ಔಷಧ! ಮಡಿವಾಳೆಪ್ಪನ ಕಣ್ಣಲ್ಲಿ ನೀರೇ ಬಂತು. ಸಿಟ್ಟು ಮಾಡೋಣವೆಂದರೆ ಆ ಎತ್ತಿನ ಕತೆ ಕಟ್ಟಿದವನು ತಾನೇ. ಮಾಡಿದ್ದುಣ್ಣೋ ಮಹಾರಾಯ.

ತಿಪ್ಪೆಯಿಂದೆದ್ದು ಕೈಕಾಲು ತೊಳೆದವನೇ ಅಕ್ಕ ತಮ್ಮ ಇಬ್ಬರನ್ನೂ ಅಂಗಡಿಗೆ ಕರೆದೊಯ್ದ. ಸೀಸೆ ತನ್ನ ವಶಕ್ಕೆ ತೆಗೆದುಕೊಂಡು ಕುಬೇರಪ್ಪನಿಗೆ ಆ ದಿನದ ಇನ್ನೊಂದು ಗುಳಿಗೆ ನುಂಗಿಸಿದ. ನಾಳೆ ನಸುಕಿನ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸಲೇಬೇಕೆಂದ. ಕುಬೇರಪ್ಪ ಒಪ್ಪಿದ. ಸುಶೀಲವ್ವ ಮಾತ್ರ ಹಟ ಹಿಡಿದಳು.

"ಅಂವಗ ಎರಡು, ನನಗ ಒಂದೂ ಇಲ್ಲನು? ನನ್ನ ಎತ್ತೇನು ಪಾಪ ಮಾಡೈತಿ?"

ಮಡಿವಾಳೆಪ್ಪ ಮುಕ್ಕಾಲು ತಾಸು ತಿಳಿಹೇಳಿದ. ಅವಳು ಕೇಳಲಿಲ್ಲ. ಕೊನೆಗೆ ಅವನಿಗೊಂದು ಯುಕ್ತಿ ಹೊಳೆಯಿತು. ಬೆನ್ನು ತಿರುಗಿಸಿ ಬರಣಿಗೆ ಕೈ ಹಾಕಿ ಒಂದು ಲಿಂಬಿ ಪೆಪ್ಪರಮಿಂಟು ತೆಗೆದ. "ತಗೋ ಅಕ್ಕಾ. ಇದು ಕಿಡ್ನಿ ಕೊಟ್ಟವರ ಗುಳಿಗಿ. ಬ್ಯಾರೇನ ಐತಿ."

ಅವಳು ಬಾಯಿಗೆ ಹಾಕಿಕೊಂಡಳು. ಮುಖದಲ್ಲಿ ಏನೋ ಸುಳಿದು ಹೋಯಿತು. ದವಡೆಯಿಂದ ದವಡೆಗೆ ಹೊರಳಿಸಿ ಹೊರಳಿಸಿ ನುಂಗಿದಳು.

"ನಾಲಿಗಿ ಎತ್ರಿ, ನೋಡೂಣು."

ಎತ್ತಿದಳು. ಖಾಲಿ. ಬೆಳಗಿನಿಂದ ಮೊದಲ ಸಲ ಮಡಿವಾಳೆಪ್ಪನ ಜೀವಕ್ಕೆ ತಂಪಾಯಿತು. ನಸುಕಿನಲ್ಲಿ ಅಂಗಡಿ ತೆರೆದಿರುವುದಿಲ್ಲವೆಂದು ನಾಳಿನವನ್ನು ಎರಡು ಪೊಟ್ಟಣ ಕಟ್ಟಿ, ತಮ್ಮನದು ತಮ್ಮನ ಕೈಗೆ, ಅಕ್ಕನದು ಅಕ್ಕನ ಕೈಗೆ ಕೊಟ್ಟು ಕಳಿಸಿದ.

ಹೊತ್ತು ಮುಳುಗುತ್ತಿತ್ತು. ಬಾಗಿಲು ಹಾಕಲು ಹೊರಗೆ ಬಂದವನು ಅಭ್ಯಾಸಬಲದಿಂದ ಅವರ ಬೆನ್ನಮೇಲೆ ಕಣ್ಣಿಟ್ಟ. ಓಣಿಯ ತಿರುವಿನಲ್ಲಿ, ತಿರಕಪ್ಪನ ಕಟ್ಟೆಯ ಹತ್ತಿರ, ಸುಶೀಲವ್ವ ನಿಂತಳು. ತಮ್ಮನ ಪೊಟ್ಟಣ ಕಸಿದುಕೊಂಡು ತನ್ನದನ್ನು ಅವನ ಕೈಗಿಟ್ಟಳು.

"ಏ ಅಕ್ಕಾ! ನಿಂದರು!" ಮಡಿವಾಳೆಪ್ಪ ಬರಿಗಾಲಲ್ಲಿ ಓಡಿದ.

"ನಿಂದರೂದೇನು? ನಿನ್ನ ಮನಸಿನ್ಯಾಗ ಏನೈತಿ ಅದನ್ನ ಹೇಳು ಮೊದಲ!" ಸುಶೀಲವ್ವ ತಿರುಗಿಬಿದ್ದಳು. "ಇಷ್ಟ ಚಲೋ ಸಿಹೀ ಗುಳಿಗಿ ಅಂಗಡ್ಯಾಗ ಇಟಗೊಂಡು ನನ್ನ ತಮ್ಮಗ ಎರಡ ವರ್ಷ ಕಹೀದು ತಿನಿಸಿದಿ! ಸಣ್ಣಂವ ಇದ್ದಾಗಿಂದ ಸಿಹೀದು ಅಂವಗ ಕೊಟ್ಟ ಬೆಳಿಸೇನಿ. ಕಹೀದು ನಾ ನುಂಗ್ತೀನಿ!"

"ಅದು ಗುಳಿಗಿ ಅಲ್ಲಬೇ, ಪೆಪ್ಪರಮಿಂಟು!"

ಹೇಳಿದ ಮೇಲೆ ಗೊತ್ತಾಯಿತು, ಹೇಳಬಾರದಿತ್ತೆಂದು. ತಿರಕಪ್ಪ ಕಟ್ಟೆಯಿಂದ ಇಳಿದ. ಮೈಲಾರವ್ವ ಬಂದಳು. "ಅಂದ್ರ ಔಷಧ ಅಂತ ಪೆಪ್ಪರಮಿಂಟ್ ಕೊಡತಿ ಅನ್ನು" ಎಂದು ಯಾರೋ ಎಂದರು. ಎರಡು ವರ್ಷದಲ್ಲಿ ಒಮ್ಮೆಯೂ ಎದುರು ಮಾತಾಡದ ಕುಬೇರಪ್ಪ ಎರಡೂ ಪೊಟ್ಟಣ ನೋಡಿದ, ಮಡಿವಾಳೆಪ್ಪನನ್ನು ನೋಡಿದ.

"ನನಗೂ ಸಂಶೇ ಬರಾಕತ್ತೈತ್ರಿ. ಕಹೀದ ಖರೇ ಔಷಧ ಇದ್ರ ನೀವೊಂದು ನುಂಗ್ರಿ. ನುಂಗಿದ್ರ ನಾನೂ ನಾಳಿಂದ ಎರಡೂ ನುಂಗ್ತೀನಿ. ಇಲ್ಲಂದ್ರ ಒಂದೂ ಇಲ್ಲ."

ಇವನು ನುಂಗದಿದ್ದರೆ ಕಿಡ್ನಿ ಹೋಗುತ್ತದೆ. ಪೊಟ್ಟಣದಿಂದ ನುಂಗಿದರೆ ನಾಳೆಗೆ ಒಂದು ಕಡಿಮೆ ಬೀಳುತ್ತದೆ. ಮಡಿವಾಳೆಪ್ಪನಿಗೆ ಆಗ ಕಿಸೆಯ ನೆನಪಾಯಿತು. ಬೆಳಿಗ್ಗೆ ಮಣ್ಣಿನಲ್ಲಿ ಸಿಕ್ಕಿ, ಮಧ್ಯಾಹ್ನ ಅವನ ಜೊತೆ ತಿಪ್ಪೆಗಿಳಿದ ಹಳದಿ ಗುಳಿಗೆಯನ್ನು ಹೊರತೆಗೆದ. ಅದರ ಬಣ್ಣ ಈಗ ಹಳದಿ ಎನ್ನುವಂತಿರಲಿಲ್ಲ. ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆದು ಬಾಯಿಗೆ ಹಾಕಿಕೊಂಡ. ನೀರು ಕೊಡುವ ಬುದ್ಧಿ ಯಾರಿಗೂ ಬರಲಿಲ್ಲ.

ಅದು ಇಳಿಯುವವರೆಗೆ ಓಣಿಯೆಲ್ಲ ಅವನ ಗಂಟಲನ್ನೇ ನೋಡುತ್ತಿತ್ತು. ಆಮೇಲೆ ಸುಶೀಲವ್ವ ಮುಂದೆ ಬಂದು ಅವನ ಗದ್ದ ಹಿಡಿದಳು.

"ಎಲ್ಲಿ, ನಾಲಿಗಿ ಎತ್ತು, ನೋಡೂಣು."

ಎತ್ತಿದ. ತಿರಕಪ್ಪನೂ ಬಗ್ಗಿ ಇಣುಕಿ, ಹಲ್ಲನ್ನೂ ಎಣಿಸಿ, ಸರಿ ಎಂದು ತಲೆಯಾಡಿಸಿದ.

"ಹ್ಞಾಂ, ಹೋಗೈತಿ," ಎಂದಳು ಸುಶೀಲವ್ವ. "ಹುಬ್ಬಳ್ಳಿಯಿಂದ ಬಂದಮ್ಯಾಲೆ ದಿನಾ ಹಿಂಗ ಮುಂಜಾನೆ ಬಂದು ಮೊದಲ ನೀ ನುಂಗಬೇಕು, ಆಮ್ಯಾಲೆ ನನ್ನ ತಮ್ಮ."