ಒಮಾನಿನಲ್ಲಿ ಗುಡ್ಡ ತೋರಿಸಿದ ಸುಂಕಣ್ಣನವರಿಗೆ

ಶ್ರೀ ಸುಂಕಣ್ಣನವರು,
ಮಾಲೀಕರು, ಗುಡ್ಡಗವಿ ಪ್ರವಾಸ ಸಂಸ್ಥೆ, ಬಳ್ಳಾರಿ.

ಮಾನ್ಯರೇ,

ತಮ್ಮ ಕಚೇರಿಯ ಮುಂದಿನ ಬೇವಿನ ಮರದ ಎಲೆಗಳ ಮೇಲೆ ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಧೂಳು ಎಷ್ಟು ದಪ್ಪಗೆ ಕೂತಿದೆಯೋ ಅಷ್ಟೇ ದಪ್ಪನೆಯ ಗೌರವವನ್ನು ತಮ್ಮ ಮೇಲೆ ಇಟ್ಟುಕೊಂಡಿರುವ, ಕುರುಗೋಡಿನ ಬಸ್ ನಿಲ್ದಾಣದ ಪಕ್ಕದ ಬಳೆ ಅಂಗಡಿಯ ಖೈರುನಬಿ ಮಾಡುವ ಸಲಾಮು ಮತ್ತು ನಮಸ್ಕಾರಗಳನ್ನು ತಾವು ದೊಡ್ಡ ಮನಸ್ಸು ಮಾಡಿ ಸ್ವೀಕರಿಸಬೇಕು. ತಮ್ಮ ಹೊಸ ಕಾರು, ಅದರ ಹಿಂದಿನ ಇನ್ನೂ ಹೊಸ ಕಾರು, ಎಲ್ಲವೂ ಕ್ಷೇಮವೆಂದು ಭಾವಿಸುತ್ತೇನೆ.

ಈ ಪತ್ರವನ್ನು ನಾನೇ ಖುದ್ದಾಗಿ ತಂದುಕೊಡಬಹುದಿತ್ತು. ಆದರೆ ಬಂದಾಗಲೆಲ್ಲ ‘ಸಾಹೇಬ್ರು ಗುಡ್ಡದ ಮ್ಯಾಲೆ ಅದಾರ’ ಎಂಬ ಉತ್ತರ ಸಿಗುತ್ತಿರುವುದರಿಂದಲೂ, ಈಗಿನ ಬಳ್ಳಾರಿಯಲ್ಲಿ ಯಾರು ಯಾವ ಗುಡ್ಡದ ಮೇಲಿದ್ದಾರೆಂದು ಹುಡುಕಿಕೊಂಡು ಹೋಗುವುದು ಬಳೆ ಮಾರುವವಳಿಗೆ ಆಗದ ಕೆಲಸವಾದ್ದರಿಂದಲೂ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ನಮ್ಮ ಓಣಿಯ ಹೆಂಗಸರ ಪಡಿತರ ಚೀಟಿ, ನಳದ ನೀರು, ವಿಧವಾ ವೇತನದ ಅರ್ಜಿಗಳನ್ನೆಲ್ಲ ಬರೆದುಕೊಡುವವಳು ನಾನೇ. ಹಾಗಾಗಿ ಭಾಷೆ ಅಲ್ಲಲ್ಲಿ ಅರ್ಜಿಯಂತೆ ಕೇಳಿಸಿದರೆ ಮನ್ನಿಸಬೇಕು.

ಮೊದಲಿಗೆ ತಮ್ಮ ಕರಪತ್ರವನ್ನು ಹೊಗಳದೆ ಮುಂದೆ ಹೋಗಲಾರೆ. ‘ಅರಬರ ನಾಡಿನ ಗುಡ್ಡ ತೋರಿಸುತ್ತೇವೆ. ಗುಡ್ಡದ ಹಳ್ಳಿಗಳು, ಹಳೆಯ ಕೋಟೆಗಳು, ಪರಂಪರೆ. ಊಟ ನಮ್ಮದು, ನೋಟ ನಿಮ್ಮದು’ ಎಂದು ತಾವು ಅಚ್ಚು ಹಾಕಿಸಿ ಬಳ್ಳಾರಿಯಿಂದ ಸಿರುಗುಪ್ಪದವರೆಗೂ ಹಂಚಿದ್ದಿರಿ. ನಾನು ಅದನ್ನು ಕನ್ನಡ ಓದಲು ಬರುವವರು ಓದುವ ಹಾಗೆ ಓದಿದೆ. ಅದೇ ನನ್ನ ತಪ್ಪು. ಅದಿರಿಗೆ ಚಿನ್ನದ ಬೆಲೆ ಬಂದಮೇಲೆ ನಮ್ಮ ಜಿಲ್ಲೆಯಲ್ಲಿ ಗುಡ್ಡ ತೋರಿಸುವುದೆಂದರೆ ಹೆಣ್ಣು ತೋರಿಸುವಂಥ ವ್ಯವಹಾರವಾಗಿದೆ, ದಲ್ಲಾಳಿ ಕರೆದುಕೊಂಡು ಹೋಗುತ್ತಾನೆ, ಕೊಳ್ಳುವವನು ಒಂದು ಹಿಡಿ ಕಲ್ಲು ತೆಗೆದು ಅಂಗೈಯಲ್ಲಿ ತೂಗಿ ನೋಡುತ್ತಾನೆ, ಒಪ್ಪಿಗೆಯಾದರೆ ಮಾತುಕತೆ ಎಂಬುದು ನನಗೆ ಹೊಳೆಯಲೇ ಇಲ್ಲ. ಉಳಿದವರೆಲ್ಲ ಸರಿಯಾಗಿಯೇ ಓದಿಕೊಂಡಿದ್ದರು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಸಹಪ್ರಯಾಣಿಕರ ಚೀಲಗಳಿಂದ ಸುತ್ತಿಗೆ, ಅಯಸ್ಕಾಂತ, ಕಲ್ಲು ತುಂಬುವ ಸಣ್ಣ ಸಣ್ಣ ಬಟ್ಟೆಯ ಚೀಲಗಳು ಹೊರಬಂದಾಗ ನಾನು, ಪಾಪ, ಇವರೆಲ್ಲ ವಿಗ್ರಹ ಕೆತ್ತುವವರಿರಬೇಕು ಅಂದುಕೊಂಡೆ.

ನಾನು ಯಾಕೆ ಹೊರಟಿದ್ದೆ ಎಂಬುದನ್ನು ತಮ್ಮ ಕಚೇರಿಯಲ್ಲಿ ಹೆಸರು ಬರೆಸುವಾಗಲೇ ಹೇಳಿದ್ದೆ, ತಾವು ತಲೆಯನ್ನೂ ಆಡಿಸಿದ್ದಿರಿ. ನನ್ನ ಮನೆಯವರು, ಉಸ್ಮಾನಸಾಬರು, ಗಾರೆ ಕೆಲಸದವರು. ಒಮಾನಿನ ಹಳೆಯ ಮಣ್ಣಿನ ಕೋಟೆಗಳನ್ನು ರಿಪೇರಿ ಮಾಡುವ ಕಂಪನಿಯಲ್ಲಿದ್ದು, ಬಿರುಕು ಬಿಟ್ಟ ಗೋಡೆಗಳಿಗೆ ಗಾರೆ ಮೆತ್ತುತ್ತ, ಒಂದು ಗುಡ್ಡದ ಹಳ್ಳಿಯಲ್ಲಿ ಎದೆನೋವು ಬಂದು ತೀರಿಕೊಂಡರು, ಅಲ್ಲಿಯೇ ಮಣ್ಣಾದರು. ಆ ಹಳ್ಳಿಯ ಅರಬ್ಬಿ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಅವರಿಗೂ ಹೊರಳುತ್ತಿರಲಿಲ್ಲ. ಬಂಡೆಯ ಮೇಲೆ ಬಂಡೆ ಕೂತ ಆ ಗುಡ್ಡ ನಮ್ಮೂರಿನ ಗುಡ್ಡದ ಹಾಗೇ ಇದೆಯೆಂದು ಫೋನಿನಲ್ಲಿ ಅದಕ್ಕೆ ‘ಮ್ಯಾಲಿನ ಕುರುಗೋಡು’ ಅನ್ನುತ್ತಿದ್ದರು. ‘ನೀ ಒಂದ್ಸಲ ಬಂದು ನೋಡು, ಊರು ಬಿಟ್ಟು ಬಂದೀನಿ ಅನಸಂಗಿಲ್ಲ’ ಅನ್ನುತ್ತಿದ್ದರು. ಅವರು ಮೆತ್ತಿದ ಗೋಡೆಯನ್ನು ಮುಟ್ಟಬೇಕು, ಗೋರಿಯ ಹತ್ತಿರ ಕೂತು ಸ್ವಲ್ಪ ಮಾತಾಡಿ ಬರಬೇಕು. ಇಷ್ಟೇ ನನ್ನ ಪ್ರವಾಸ.

ತಮ್ಮ ಸಂಸ್ಥೆಯ ಮಾರ್ಗದರ್ಶನದಲ್ಲಿ ನಾವು ನೋಡಿದ ಪರಂಪರೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಗುಲಾಬಿ ಬೆಳೆಯುವ ಮೆಟ್ಟಿಲು ಹೊಲಗಳನ್ನು ವ್ಯಾನಿನ ಕಿಟಕಿಯಿಂದ ನೋಡಿದೆವು. ಗುಡ್ಡದ ಹೊಟ್ಟೆಯಿಂದ ಹರಿದು ಬಂದು ಮನೆಮನೆಗೆ ಸರದಿಯ ಮೇಲೆ ಹೋಗುವ ನೀರಿನ ಕಾಲುವೆಗಳನ್ನೂ ವ್ಯಾನಿನ ಕಿಟಕಿಯಿಂದಲೇ ನೋಡಿದೆವು. ಯಾವ ಹಸಿರಿಗೂ ನಿಲ್ಲದ ವ್ಯಾನು ಬೋಳು ಗುಡ್ಡ ಕಂಡ ಕೂಡಲೇ ನಿಲ್ಲುತ್ತಿತ್ತು. ನಮ್ಮ ತಂಡದ ಮುಖ್ಯಸ್ಥರಾದ, ಬಳ್ಳಾರಿಯಲ್ಲಿ ಗುಡ್ಡಗಳ ಗುತ್ತಿಗೆದಾರರಾದ ಶ್ರೀ ಎರ್ರಣ್ಣನವರು ಕೆಳಗಿಳಿದು, ಬಿಳಿ ಷರಟಿನ ತೋಳು ಮಡಚಿ, ಎದುರಿಗೆ ಬಂದ ಆಡು ಕಾಯುವವನಿಗೂ ‘ಈ ಕೊಂಡ ಎವರಿದಿ?’ ಎಂದು, ಅಂದರೆ ಈ ಗುಡ್ಡ ಯಾರದೆಂದು, ತೆಲುಗಿನಲ್ಲಿ ವಿಚಾರಿಸುತ್ತಿದ್ದರು. ಅರಬರಿಗೆ ಕನ್ನಡ ತಿಳಿಯದಿದ್ದರೂ ತೆಲುಗಾದರೂ ತಿಳಿದೀತು ಎಂಬುದು ಅವರ ನಂಬಿಕೆಯಾಗಿತ್ತು. ಒಂದು ಕೋಟೆಯಲ್ಲಿ ಮಾತ್ರ ಇಳಿಯಲು ಅವಕಾಶ ಸಿಕ್ಕಿತು, ಅಲ್ಲಿ ಅವರು ಹಳೆಯ ಫಿರಂಗಿಗೆ ಅಯಸ್ಕಾಂತ ಹಚ್ಚಿ ಅದು ಗಟ್ಟಿಯಾಗಿ ಅಂಟಿಕೊಂಡದ್ದನ್ನು ಕಂಡು ಬಹಳ ಸಂತೋಷಪಟ್ಟರು. ನನ್ನ ಮನೆಯವರು ಗಾರೆ ಮೆತ್ತಿ ಫೋಟೋ ಕಳಿಸಿದ್ದ ಕೋಟೆಯ ಮುಂದೆ ವ್ಯಾನು ನಿಲ್ಲಲಿಲ್ಲ, ಕಾರಣ ಅದು ಬರೀ ಮಣ್ಣಿನದು. ಹಿಂದಿನ ಗಾಜಿನಲ್ಲಿ ಆ ಗೋಡೆ ಸಣ್ಣದಾಗುತ್ತ ಹೋದದ್ದನ್ನು ನೋಡಿದೆ. ಆಗ ನನಗೆ ತಮ್ಮ ಮೇಲೆ ಬಂದ ಸಿಟ್ಟು ಈ ಪತ್ರದ ಭಾಷೆಯಲ್ಲಿ ಬರೆಯುವಂಥದ್ದಲ್ಲ.

ಮ್ಯಾಲಿನ ಕುರುಗೋಡಿಗೆ ನಾನು ಹೋಗಿ ಮುಟ್ಟಿದ್ದಕ್ಕೆ ಕಾರಣ ತಮ್ಮ ಸಂಸ್ಥೆಯಲ್ಲ, ಜಡೆಮ್ಮ. ಎರ್ರಣ್ಣನವರ ಸೋದರತ್ತೆಯಾದ, ಸಿರುಗುಪ್ಪ ತಾಲೂಕಿನ ರಾರಾವಿಯ ಈ ಹಿರಿಯಳನ್ನು, ಗುಡ್ಡ ನೋಡುವಾಗ ಮುತ್ತೈದೆಯೊಬ್ಬಳು ಜೊತೆಗಿದ್ದರೆ ಶುಭವೆಂದು ಅಳಿಯ ಕರೆದುಕೊಂಡು ಬಂದಿದ್ದರು. ನನ್ನ ಪಕ್ಕದಲ್ಲಿ ಕೂತು ನನ್ನ ಕತೆಯನ್ನೆಲ್ಲ ಕೇಳಿಕೊಂಡ ಆಕೆ, ಬಂಡೆಯ ಮೇಲೆ ಬಂಡೆ ಕೂತ ಗುಡ್ಡವನ್ನು ನಾನು ಬೆರಳು ಮಾಡಿ ತೋರಿಸಿದ ಮೇಲೆ, ಇಳಿಬಿಸಿಲಿನಲ್ಲಿ ಲೋಕದ ಯಾವ ಗುಡ್ಡವಾದರೂ ಕೆಂಪಗೆ ಕಾಣುವ ಹೊತ್ತು ನೋಡಿಕೊಂಡು, ‘ಲೇ ಎರ್ರಾ, ಆ ಗುಡ್ಡ ನೋಡಲೇ, ನಮ್ಮ ಕಡೆ ಮಣ್ಣಿನಗತೆ ಕೆಂಪಗ ಐತಿ’ ಅಂದಳು. ವ್ಯಾನು ತಿರುಗಿತು. ಆಕೆ ನನ್ನ ಮೊಣಕೈ ಹಿಂಡಿದಳು.

ಈಗ ತಮ್ಮ ಮಾರ್ಗದರ್ಶಿ ಆಸಿಂ ಅವರ ವಿಷಯಕ್ಕೆ ಬರುತ್ತೇನೆ. ಸಿರುಗುಪ್ಪದವರಾದ ಇವರು ಕಿವಿಯ ಮೇಲಿನ ಕೂದಲು ಬೆಳ್ಳಗಾಗುವಷ್ಟು ಕಾಲ ಆ ದೇಶದಲ್ಲಿಯೇ ವ್ಯಾನು ಓಡಿಸಿಕೊಂಡಿದ್ದು, ಅಲ್ಲಿನವರ ಮಾತನ್ನು ಚೆನ್ನಾಗಿಯೇ ಬಲ್ಲರು. ತೊಂದರೆಯಾದದ್ದು ನಮ್ಮ ಮಾತಿನಿಂದ. ಅವರು ಊರು ಬಿಟ್ಟಾಗ ನಮ್ಮ ಕಡೆ ಮಣ್ಣು ಎಂದರೆ ಮಣ್ಣೇ ಆಗಿತ್ತು. ಹೊಲದಲ್ಲಿ ಇರುತ್ತಿತ್ತು, ಇಲ್ಲವೇ ಸತ್ತವರಿಗೆ ಕೊಡುತ್ತಿದ್ದೆವು. ಅದನ್ನು ಲಾರಿಗೆ ತುಂಬಿ ಚೀನಾಕ್ಕೆ ಕಳಿಸಿದರೆ ಬಂಗಲೆ ಕಟ್ಟಬಹುದು, ಅದಿರಿಗೂ ಜನ ಮಣ್ಣು ಅನ್ನತೊಡಗಿದ್ದಾರೆ ಎಂಬ ಸುದ್ದಿ ಆಸಿಂ ಅವರವರೆಗೆ ಬಂದಿರಲಿಲ್ಲ.

ಹಳ್ಳಿಯ ಬಾಗಿಲಲ್ಲೇ ಒಬ್ಬ ಹಿರಿಯರು, ಬೆಳ್ಳನೆಯ ಗಡ್ಡದವರು, ನಮಗೆಲ್ಲ ಖರ್ಜೂರ, ಕಹಿ ಕಾಫಿ ಕೊಟ್ಟು ಚಾಪೆಯ ಮೇಲೆ ಕೂರಿಸಿದರು. ಎರ್ರಣ್ಣನವರು ಕಾಫಿ ಮುಗಿಸುವ ಮೊದಲೇ ಗುಡ್ಡದ ಕಡೆ ಕೈ ತೋರಿಸಿ, ‘ಇಲ್ಲಿ ನಮಗ ಮಣ್ಣು ಬೇಕಾಗೈತಿ, ಕೊಡ್ತಾರೇನು ಕೇಳು’ ಎಂದರು. ಆಸಿಂ ಅವರ ಮುಖ ಇಳಿದುಹೋಯಿತು. ಅವರು ಬಹಳ ಮೆಲ್ಲಗೆ ಅದನ್ನು ಅರಬ್ಬಿಗೆ ತಿರುಗಿಸಿದರು. ಹಿರಿಯರು ಎದ್ದುಬಂದು ಎರ್ರಣ್ಣನವರ ಎರಡೂ ಕೈ ಹಿಡಿದುಕೊಂಡು ಏನೋ ಕೇಳಿದರು. ‘ಯಾರಿಗೆ ಬೇಕು ಅಂತ ಕೇಳ್ತಾರ’ ಎಂದರು ಆಸಿಂ. ‘ನನಗ’ ಎಂದರು ಎರ್ರಣ್ಣನವರು. ಹಿರಿಯರ ಕಣ್ಣುಗಳು ತುಂಬಿಕೊಂಡವು, ಇಷ್ಟು ಗಟ್ಟಿಮುಟ್ಟಾಗಿ ಕಾಣುತ್ತಾನಲ್ಲ ಎಂಬಂತೆ ಭುಜ ಸವರಿದರು. ಎಷ್ಟು ಜಾಗ ಬೇಕೆಂಬ ಪ್ರಶ್ನೆಗೆ ಎರ್ರಣ್ಣನವರು ಇಡೀ ಗುಡ್ಡದ ಮೇಲೆ ಕೈಯಾಡಿಸಿ ‘ಪೂರಾ’ ಅಂದಾಗ, ಆ ಪುಣ್ಯಾತ್ಮರು ಬಳ್ಳಾರಿಗೆ ಯಾವ ರೋಗ ಬಡಿದಿದೆಯೆಂದು ಗಾಬರಿಯಿಂದ ವಿಚಾರಿಸಿ, ನಮ್ಮ ಇಡೀ ಜಿಲ್ಲೆಗಾಗಿ ಕೈಯೆತ್ತಿ ದುವಾ ಮಾಡಿದರು. ಮಾನ್ಯರೇ, ನಮ್ಮ ಜಿಲ್ಲೆಗಾಗಿ ಈಚೆಗೆ ಯಾರಾದರೂ ಇಷ್ಟು ಮನಸ್ಸಿಟ್ಟು ಪ್ರಾರ್ಥಿಸಿದ್ದನ್ನು ನಾನಂತೂ ಕಂಡಿಲ್ಲ.

ಆಮೇಲೆ ಅವರು ತಮ್ಮ ಊರಿನ ಪದ್ಧತಿ ಹೇಳಿದರು. ಅಲ್ಲಿಯ ಮಣ್ಣು ಊರವರಿಗೆ, ಇಲ್ಲವೇ ತಮ್ಮವರು ಅಲ್ಲಿ ಮಲಗಿರುವವರಿಗೆ ಮಾತ್ರ. ನಿಮ್ಮವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಎರ್ರಣ್ಣನವರು ಆ ಊರಲ್ಲಿ ತಮ್ಮ ಪಾಲುದಾರರು ಯಾರಿರಬಹುದೆಂದು ಯೋಚಿಸತೊಡಗಿದರು. ಆಸಿಂ ನನ್ನ ಕಡೆ ತಿರುಗಿದರು. ‘ನಮ್ಮವರು ಅದಾರ’ ಎಂದೆ. ಉಸ್ಮಾನ್ ಎಂಬ ಹೆಸರು ಕೇಳುತ್ತಲೇ ಹಿರಿಯರು ಗೋಡೆಗೆ ಗಾರೆ ಹಚ್ಚುವಂತೆ ಗಾಳಿಯಲ್ಲಿ ಅಂಗೈ ಎಳೆದು ತೋರಿಸಿದರು. ಅವರಿಗೆ ನೆನಪಿತ್ತು. ಗುಡ್ಡದ ಬುಡದ ಖಬರಸ್ಥಾನದ ಸಣ್ಣ ಗೋಡೆಯವರೆಗೆ ತಾವೇ ಬಂದು, ಎರಡು ಕಲ್ಲು ನೆಟ್ಟ ಗೋರಿಯನ್ನೂ ಅದರ ಪಕ್ಕದ ಬರಿದು ನೆಲವನ್ನೂ ತೋರಿಸಿ, ಇದು ನಿನ್ನದು, ನಿನ್ನ ಹೊತ್ತು ಬಂದಾಗ ಇಲ್ಲಿಗೆ ಬಾ ಎಂದು ಆಸಿಂ ಅವರ ಬಾಯಿಂದ ಹೇಳಿಸಿದರು. ಜಡೆಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ನಿಂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ಕೇಳಲಿಲ್ಲ.

ಇನ್ನು ನನ್ನ ದೂರು. ಹೆಂಗಸರು ಒಳಗೆ ಹೋಗುವ ಪದ್ಧತಿ ಇಲ್ಲವಾದ್ದರಿಂದ ನಾನು ಆ ಗೋಡೆಯ ಹೊರಗೆ ಕೂತು ಫಾತಿಹಾ ಓದಿ ಮುಗಿಸಿ, ಮನೆಯ ಸುದ್ದಿ ಹೇಳಬೇಕೆಂದು ಬಾಯಿ ತೆರೆದೆ. ಅಂಗಡಿ ನಡೆಯುತ್ತಿದೆಯೆಂದು, ಮಗಳು ಸುಲ್ತಾನಾಳ ಮದುವೆ ಆಯಿತೆಂದು, ಅಳಿಯ ಒಳ್ಳೆಯವನೆಂದು, ನನ್ನನ್ನು ಬಿಟ್ಟುಹೋದದ್ದಕ್ಕೆ ಅವರ ಮೇಲೆ ನನಗೆ ಸಿಟ್ಟಿಲ್ಲ, ಒಂದಿಷ್ಟು ಇದೆಯೆಂದು ಹೇಳುವುದಿತ್ತು. ತಮ್ಮ ವ್ಯಾನು ಹಾರ್ನ್ ಹೊಡೆಯಿತು. ಹಾರ್ನ್ ಮೇಲೆ ಒತ್ತಿದ ಕೈ ಎರ್ರಣ್ಣನವರದು. ಆಸಿಂ ಅವರು ಬೇಡವೆಂದರೂ ಕೇಳಲಿಲ್ಲ, ಕತ್ತಲಾಗುವ ಮುಂಚೆ ಇನ್ನೊಂದು ಗುಡ್ಡ ನೋಡುವುದಿತ್ತು. ಅದು ಹೊಡೆಯುತ್ತಲೇ ಇತ್ತು. ಸಮುದ್ರ ದಾಟಿ ಹೋದವಳು ‘ನಾನು ಬಂದೀನಿ’ ಎನ್ನುವುದರ ಆಚೆಗೆ ಒಂದು ಮಾತನ್ನೂ ಹೇಳದೆ ಎದ್ದುಬಂದೆ.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆ. ಆದರೆ ತಾವು ಈಗ ಹೊಸ ಕರಪತ್ರ ಹಂಚಿದ್ದೀರಿ. ‘ನಮ್ಮ ಮೊದಲ ಪ್ರವಾಸದಲ್ಲೇ ಕುರುಗೋಡಿನ ಮಹಿಳೆಗೆ ಒಮಾನಿನಲ್ಲಿ ಗುಡ್ಡ. ಮುಂದಿನ ಅದೃಷ್ಟ ನಿಮ್ಮದೇ’ ಎಂಬ ಆ ವಾಕ್ಯದ ಸೊಗಸಿಗೆ ತಲೆಬಾಗುತ್ತೇನೆ. ಅದರ ಫಲವಾಗಿ ನನ್ನ ಅಂಗಡಿಯ ಮುಂದೆ ಜೀಪುಗಳು ನಿಲ್ಲುತ್ತಿವೆ. ಬಳೆ ತೊಡಿಸಿಕೊಳ್ಳಲು ಕೈಚಾಚಿದ ಹೆಂಗಸರ ನಡುವೆ ಗಂಡಸರು ತಲೆ ತೂರಿಸಿ ‘ಅಕ್ಕಾರ, ಗುಡ್ಡ ಲೀಸಿಗೆ ಕೊಡ್ತೀರೇನ್ರಿ’ ಎನ್ನುತ್ತಾರೆ. ನನ್ನ ಸ್ವಂತ ಭಾವನವರೇ ಕುಡತಿನಿಯಿಂದ ಬಂದು, ಮನೆತನದಲ್ಲಿ ಗುಡ್ಡವಿದ್ದ ಮೇಲೆ ಅಣ್ಣತಮ್ಮಂದಿರಿಗೂ ಪಾಲು ಬರಬೇಕಲ್ಲವೇ ಎಂದು ಚಹಾ ಕುಡಿದು ಹೋಗಿದ್ದಾರೆ. ಅವರಿಗೆ ಪಾಲು ಕೊಡಲು ನನಗೆ ಏನೂ ಅಭ್ಯಂತರವಿಲ್ಲ, ಆ ಮಣ್ಣಿನಡಿ ತಮ್ಮನ ಪಕ್ಕ ಮಲಗಲು ಅವರು ತಯಾರಿದ್ದಾರೆಯೇ ಎಂದು ಮಾತ್ರ ಕೇಳಬೇಕಾಗಿದೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಕರಪತ್ರದಲ್ಲಿರುವ ನನ್ನ ಗುಡ್ಡವನ್ನು ಒಬ್ಬ ಹೆಂಗಸು ಕಾಲು ನೀಡಿ ಮಲಗುವಷ್ಟಕ್ಕೆ ಇಳಿಸಿ ಮತ್ತೆ ಅಚ್ಚು ಹಾಕಿಸಬೇಕು. ತಮಗೆ ಮೇಲಿನವರ ಪರಿಚಯ ಚೆನ್ನಾಗಿರುವುದರಿಂದ, ಮಣ್ಣು ಎಂಬ ಮಾತನ್ನೂ ಗಣಿಯವರಿಗೆ ಲೀಸಿಗೆ ಕೊಟ್ಟಿದ್ದರೆ ಅದನ್ನು ರದ್ದುಪಡಿಸಿ, ಹೊಲದವರಿಗೂ ಸತ್ತವರಿಗೂ ವಾಪಸು ಕೊಡಿಸಬೇಕು. ಆ ಹಿರಿಯರು ನಮ್ಮ ಜಿಲ್ಲೆಯ ರೋಗ ಗುಣವಾಯಿತೇ ಎಂದು ಆಸಿಂ ಅವರಲ್ಲಿ ಈಗಲೂ ಕೇಳುತ್ತಿರುತ್ತಾರಂತೆ, ತಕ್ಕ ಉತ್ತರವನ್ನು ತಾವೇ ತಯಾರಿಸಿ ಕಳಿಸಬೇಕು. ಇವು ಯಾವುವೂ ಆಗದಿದ್ದರೆ, ಹಾರ್ನ್ ಇಲ್ಲದ ಒಂದು ವ್ಯಾನಿನಲ್ಲಿ, ಯಾರಿಗೂ ಯಾವ ಗುಡ್ಡವೂ ಬೇಡವಾದ ಒಂದು ದಿನ, ನನ್ನನ್ನು ಅಲ್ಲಿಗೆ ಇನ್ನೊಮ್ಮೆ ಕರೆದುಕೊಂಡು ಹೋಗಿ ಸಂಜೆಯವರೆಗೆ ಬಿಡಬೇಕು. ಜಡೆಮ್ಮನೂ ಬರುತ್ತಾಳೆ, ಅಳಿಯ ಎರ್ರಣ್ಣನವರನ್ನು ಬಿಟ್ಟು.

ಎಂದು ಬೇಡಿಕೊಳ್ಳುವ,
ತಮ್ಮ ವಿಶ್ವಾಸಿ, ಹಾಗೂ ತಮ್ಮದೇ ಕರಪತ್ರದ ಪ್ರಕಾರ ಒಂದು ಗುಡ್ಡದ ಒಡತಿ,
ಖೈರುನಬಿ, ಕುರುಗೋಡು.

ಬರೆದು ಮುಗಿಸಿದ ಮೇಲೆ ಸೇರಿಸಿದ್ದು: ಇಂದು ಬೆಳಿಗ್ಗೆ ಮೂಕಪ್ಪ ಎಂಬ ದಲ್ಲಾಳಿಯೊಬ್ಬರು, ತಾವೇ ಕಳಿಸಿದಿರಂತೆ, ಬಂದು ಬಳೆಗಳ ಮುಂದೆ ಕೂತು ‘ಅಕ್ಕಾರ, ನಿಮ್ಮ ಗುಡ್ಡದಾಗ ಒಳಗ ಏನ್ ಐತ್ರಿ?’ ಎಂದು ಕೇಳಿದರು. ‘ನಮ್ಮ ಮನಿಯವರು ಅದಾರ’ ಎಂದೆ. ಅವರಿಗೆ ಬಹಳ ಸಮಾಧಾನವಾಯಿತು. ‘ಛಲೋ ಆತು ಬಿಡ್ರಿ, ಹಂಗಾರ ಅವರ ಕೂಡನ ಮಾತಾಡ್ತೀನಿ, ನಂಬರ್ ಕೊಡ್ರಿ’ ಎಂದು ಮೊಬೈಲ್ ಹೊರತೆಗೆದರು. ಮಾನ್ಯರೇ, ಆ ನಂಬರು ತಮ್ಮ ಕಚೇರಿಯಲ್ಲಿ ಯಾರಿಗಾದರೂ ಸಿಕ್ಕಿದ್ದರೆ, ದಯವಿಟ್ಟು ಮೂಕಪ್ಪನವರಿಗಿಂತ ಮೊದಲು ನನಗೆ ಕೊಡಿ.