ಗಂಟಿಲ್ಲದ ಹಗ್ಗ

ಬುಧವಾರ ಬೆಳಿಗ್ಗೆ ಕೇಶವಯ್ಯ ಮಗ್ಗದ ಗುಂಡಿಯೊಳಗೆ ಎರಡೂ ಕಾಲು ಇಳಿಬಿಟ್ಟುಕೊಂಡು ಉಪ್ಪಿಟ್ಟು ತಿನ್ನುತ್ತಿದ್ದ. ಎದುರಿಗೆ ಅರ್ಧ ನೇಯ್ದ ಸೀರೆ ಹದಿನೈದು ದಿನದಿಂದ ಅಲ್ಲಾಡದೆ ನಿಂತಿತ್ತು. ಹಿಂದೂಪುರದ ನೇಕಾರರ ಮನೆಯಲ್ಲಿ ಹುಟ್ಟಿ, ಕಲ್ಯಾಣದುರ್ಗಕ್ಕೆ ಬಂದು ನೆಲೆಸಿದ ಈತ ನಲವತ್ತೈದನೆಯ ವಯಸ್ಸಿನಲ್ಲಿ ನೌಕಾಧಿಪತಿಯಾಗಲು ಹೊರಟಿದ್ದ.

"ಶುಕ್ರವಾರ ಆಫೀಸರು ಪರ್ಮಿಟ್ ಬರ್ಕೊಟ್ಟ ಮ್ಯಾಲೆ ಈ ಗುಂಡಿಯೊಳಕ್ಕೆ ಕಾಲು ಇಕ್ಕಲ್ಲ ಕಣೆ ಚೌಡೇಶ್ವರಿ!"

"ಇಕ್ಕಬೇಕಾಗಿ ಬಂದ್ರೆ?" ಹೆಂಡತಿ ಒಳಗಿನಿಂದ ಕೇಳಿದಳು.

"ಬಂದ್ರೆ ಈ ಸೀರೆ ನಾನೇ ನೇದು ಮುಗಿಸ್ತೀನಿ. ಬಾಯಿ ತೆಗೆಯಲ್ಲ."

"ಆ ಎರಡನೇದನ್ನ ಮೊದಲೇ ಮಾಡಿದ್ರೆ ಸೀರೆ ಯಾವತ್ತೋ ಮುಗೀತಿತ್ತು."

ಆ ವರ್ಷ, ಅಂದರೆ ಎಂಬತ್ತೊಂಬತ್ತರಲ್ಲಿ, ಬ್ರಹ್ಮಸಮುದ್ರದ ಕಡೆಯ ಜಲಾಶಯದಲ್ಲಿ ನೀರು ನಿಂತಿತ್ತು. ಭಾನುವಾರವಾದರೆ ನೀರು ನೋಡಲು ಜನ ಬಸ್ಸು ಹತ್ತಿ ಬರುತ್ತಿದ್ದರು. ಕೇಶವಯ್ಯ ಎಲ್ಲಿಂದಲೋ ಒಂದು ಹಳೆಯ ಮೋಟಾರು ಬೋಟು ತಂದ. ಅದಕ್ಕೆ ನೀಲಿ ಬಣ್ಣ ಬಳಿದ. ಆದರೆ ಪರವಾನಗಿಗೆ ಒಂದು ಷರತ್ತಿತ್ತು. ಬೋಟಿನ ಜೊತೆ ಆಪತ್ತಿಗೆಂದು ಒಂದು ಮರಿದೋಣಿ ಇರಬೇಕು. ಒಬ್ಬ ಮನುಷ್ಯ ಅದರಲ್ಲಿ ಕೂತಿರುವಂತೆಯೇ ಐದು ನಿಮಿಷದೊಳಗೆ ಅದನ್ನು ನೀರಿಗಿಳಿಸಿ ತೋರಿಸಬೇಕು.

ಮರಿದೋಣಿ ಸಿಕ್ಕಿತು. ಅದನ್ನು ಎಲ್ಲಿಡುವುದು?

"ಹಿಂದೆ ಒಂದು ಹಗ್ಗ ಕಟ್ಟಿ ಎಳ್ಕೊಂಡು ಹೋಗಯ್ಯ," ಎಂದ ಗಂಗಣ್ಣ. ಇವನು ಮೂವತ್ತು ವರ್ಷದಿಂದ ನೀರಿನ ಮೇಲೆ ಹರಿಗೋಲು ತಿರುಗಿಸುತ್ತಿರುವವನು.

"ಎಮ್ಮೆ ಹಿಂದೆ ಕರ ಬಂದಂಗೆ? ಮರ್ಯಾದೆ ಏನಾಗ್ಬೇಕು!"

"ಹಂಗಾದ್ರೆ ಮ್ಯಾಲೆ ಬೋರಲು ಹಾಕು."

"ಇಳಿಸೋಕೆ ನಾಲ್ಕು ಜನ ಬೇಕು. ಅಷ್ಟೊತ್ತಿಗೆ ಮುಳುಗಿದೋನ ತಿಥಿ ಆಗಿರ್ತದೆ."

ಕೇಶವಯ್ಯ ಆರಿಸಿದ್ದು ಮೂರನೆಯ ದಾರಿ. ಬೋಟಿನ ಹಿಂಭಾಗದಲ್ಲಿ ಎರಡು ಕಬ್ಬಿಣದ ತೋಳು, ತೋಳಿಗೊಂದು ಬಾವಿಯ ರಾಟೆ, ರಾಟೆಯ ಮೇಲೆ ಹಗ್ಗ. ಆ ಹಗ್ಗಗಳಲ್ಲಿ ಮರಿದೋಣಿ ತೊಟ್ಟಿಲಿನಂತೆ ತೂಗಾಡಬೇಕು. ಹಡಗುಗಳಲ್ಲಿ ಹೀಗೆಯೇ ಇರುವುದೆಂದು ಅವನು ಊರೆಲ್ಲ ಸಾರಿದ. ಹಡಗನ್ನು ಅವನು ಕ್ಯಾಲೆಂಡರಿನಲ್ಲಿ ನೋಡಿದ್ದ.

ಎಲ್ಲ ಸರಿಹೋಯಿತು. ಒಂದು ಹಗ್ಗ ಮಾತ್ರ ಮೂರು ಮೊಳ ಸಾಲದೆ ಬಂತು. ಗಂಗಣ್ಣ ಇನ್ನೊಂದು ತುಂಡು ತಂದು ಗಂಟು ಹಾಕಿದ. ಗಂಟು ರಾಟೆಯಲ್ಲಿ ಸಿಕ್ಕಿಕೊಂಡಿತು. ಆಗ ಕೇಶವಯ್ಯನ ಏಳು ತಲೆಮಾರಿನ ವಿದ್ಯೆ ಒಮ್ಮೆಲೇ ಎದ್ದು ಕೂತಿತು.

"ಗಂಟು! ನಮ್ಮ ಮನ್ಯಾಗೆ ಗಂಟು ಹಾಕಿದ್ದು ಯಾವತ್ತಾದ್ರೂ ನೋಡಿದೀಯೇನಯ್ಯ? ಅತುಕ್ತೀವಿ!"

ಸೀರೆ ಮುಗಿದಾಗ ಮಗ್ಗದ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಸೇರಿಸಬೇಕಾಗುತ್ತದೆ. ಗಂಟು ಹಾಕಿದರೆ ಅದು ಮಗ್ಗದ ಹಣಿಗೆಯ ಸಣ್ಣ ಸಂದಿನಲ್ಲಿ ತೂರುವುದಿಲ್ಲ. ಅದಕ್ಕೇ ಬೆರಳಿಗೆ ಬೂದಿ ಹಚ್ಚಿಕೊಂಡು ಎಳೆಗೆ ಎಳೆ ಹೊಸೆದು ಅತುಕುತ್ತಾರೆ. ಮನೆಯಲ್ಲಿ ಈ ಕೆಲಸ ಚೌಡೇಶ್ವರಿಯದು. ಗುರುವಾರ ಸಂಜೆ ಗಂಡ ಹಗ್ಗವನ್ನೂ ಒಲೆಯ ಬೂದಿಯನ್ನೂ ತಂದು ಮುಂದಿಟ್ಟಾಗ ಅವಳು ಎರಡನ್ನೂ ನೋಡಿದಳು.

"ಮಗ್ಗದಾಗೆ ನಾಲ್ಕು ಸಾವಿರ ಎಳೆ ಸೇರಿ ಹೊರೋ ಭಾರಾನ ಇದೊಂದೇ ಹೊರ್ತದಾ? ನಾ ಮಾಡಲ್ಲ ಕಣ್ರೀ."

"ಹೆಂಗಸರಿಗೆ ಇಂಜಿನಿಯರಿಂಗ್ ಗೊತ್ತಾಗಲ್ಲ ಬಿಡು," ಎಂದು ಅವನೇ ಹುರಿ ಬಿಚ್ಚಿ, ಬೂದಿ ಹಚ್ಚಿ, ತೊಡೆಯ ಮೇಲಿಟ್ಟು ಹೊಸೆದ. ಅದ್ಭುತವಾಗಿ ಬಂತು! ಎಲ್ಲಿ ಸೇರಿದೆಯೆಂದು ಕಣ್ಣಿಗೆ ಕಾಣದು. ಶುಕ್ರವಾರ ಮುಂಜಾನೆ ಖಾಲಿ ದೋಣಿಯನ್ನು ಮೂರು ಸಲ ಇಳಿಸಿದ, ಏರಿಸಿದ. ಹಗ್ಗ ಬೆಣ್ಣೆಯಂತೆ ಜಾರಿ ಹೋಯಿತು.

ಹತ್ತು ಗಂಟೆಗೆ ಆಫೀಸರ್ ಶಿವಯೋಗಪ್ಪ ಬಂದರು. ಬೋಟು ದಡದಿಂದ ಕಲ್ಲೆಸೆತದಷ್ಟು ದೂರ ಹೋಗಿ ನಿಂತಿತು. ಗಂಗಣ್ಣನ ಹರಿಗೋಲಿನಲ್ಲಿ ಚೌಡೇಶ್ವರಿಯೂ ಕೂತು ಹಿಂದೆಯೇ ಬಂದಿದ್ದಳು. ಆಫೀಸರು ರಾಟೆ ಮುಟ್ಟಿ ನೋಡಿದರು, ತೋಳು ತಟ್ಟಿ ನೋಡಿದರು.

"ಭಲೇ ಮಾಡಿದೀರ ಕಣ್ರೀ! ಹಗ್ಗದಲ್ಲಿ ಒಂದು ಗಂಟೂ ಇಲ್ವಲ್ಲ?"

"ನಮ್ಮ ವಂಶದಾಗೇ ಇಲ್ಲ ಸಾರ್."

"ಸರಿ, ದೋಣ್ಯಾಗೆ ಯಾರು ಕೂತ್ಕೊತೀರ?"

ಕೇಶವಯ್ಯ ಪಂಚೆ ಎತ್ತಿ ಕಟ್ಟಿ, ದೋಣಿಯೊಳಗಿಳಿದು, ಮದುವಣಿಗನಂತೆ ಕೂತ. ಆಫೀಸರು ಗಡಿಯಾರ ನೋಡಿಕೊಂಡು ತಾವೇ ಎರಡೂ ಹಗ್ಗ ಹಿಡಿದು ಸಡಿಲಿಸಿದರು. ಒಂದು ಮೊಳ ಇಳಿಯಿತು. ಎರಡನೆಯ ಮೊಳಕ್ಕೆ ಹಿಂದಿನ ಹಗ್ಗದಿಂದ ಬೂದಿ ಉದುರಿತು.

"ಇದೇನ್ರೀ, ವಿಭೂತಿ?" ಎಂದರು ಶಿವಯೋಗಪ್ಪ.

ಕೇಶವಯ್ಯ ಉತ್ತರಿಸುವ ಮೊದಲೇ ಏಳು ತಲೆಮಾರಿನ ವಿದ್ಯೆ ಸದ್ದಿಲ್ಲದೆ ಬಿಚ್ಚಿಕೊಂಡಿತು. ದೋಣಿಯ ಹಿಂಭಾಗ ಧೊಪ್ಪನೆ ಬಿತ್ತು. ಮುಂಭಾಗ ಆಕಾಶ ನೋಡುತ್ತ ನೇತಾಡಿತು. ನಡುವೆ ಇದ್ದ ನೌಕಾಧಿಪತಿ ಮೊರದಿಂದ ಹುರುಳಿ ಜಾರುವಂತೆ ಜಾರಿ ನೀರು ಸೇರಿದ. ಈಜು ಅವನಿಗೆ ಬರುತ್ತಿರಲಿಲ್ಲ. ಆಫೀಸರ ಕೈಯಲ್ಲಿ ಉಳಿದದ್ದು ಅರ್ಧ ಹಗ್ಗ, ಒಂದಿಷ್ಟು ಬೂದಿ.

"ಪಟ್ಟುಕೋ! ಪಟ್ಟುಕೋ ಗಂಗಣ್ಣಾ!" ಹಿಡ್ಕೋ ಎನ್ನಲು ಚೌಡೇಶ್ವರಿಗೆ ಗಾಬರಿಯಲ್ಲಿ ತೆಲುಗೇ ಬಂತು. ಗಂಗಣ್ಣ ಹರಿಗೋಲು ತಿರುಗಿಸಿ ತಂದ. ಅವಳು ಬಗ್ಗಿ ಗಂಡನ ಜುಟ್ಟಿಗೆ ಕೈ ಹಾಕಿ, ಹಿಡಿದು, ಎಳೆದು ಒಳಕ್ಕೆ ಹಾಕಿಕೊಂಡಳು. ಕೆಳಗೆ ಕೂತ ಕೇಶವಯ್ಯ ಎರಡು ಬಾಯಿ ನೀರು ಉಗುಳಿ ಉಸಿರಾಡಿದ. ಅದನ್ನು ನೋಡಿದ ಮೇಲೆಯೇ ಅವಳು ಬೈಯಲು ಶುರುಮಾಡಿದ್ದು.

"ಇಂಜಿನಿಯರಿಂಗ್ ಹೆಂಗಿತ್ತು?"

"ತಣ್ಣಗಿತ್ತು," ಎಂದ ಕೇಶವಯ್ಯ.

ಶಿವಯೋಗಪ್ಪ ಗಡಿಯಾರ ನೋಡಿದರು. "ಒಂದೂವರೆ ನಿಮಿಷದಾಗೆ ಎತ್ತಿಬಿಟ್ರಲ್ಲ! ಆ ಹರಿಗೋಲಿನಲ್ಲಿರೋ ಅಮ್ಮನ ಹೆಸರೇನು?"

ಹೆಸರು ಕೇಳಿಕೊಂಡು ಅಲ್ಲೇ ಪರ್ಮಿಟ್ ಬರೆದರು. ಬೋಟಿಗೆ ಅನುಮತಿ ಇದೆ. ತೋಳು, ರಾಟೆ ತೆಗೆದುಹಾಕಬೇಕು. ಹಿಂದೆ ಹಗ್ಗ ಕಟ್ಟಿ ಹರಿಗೋಲು ಎಳೆದುಕೊಂಡು ಹೋಗಬೇಕು, ಗಂಟು ಹಾಕಿ. ಈಜು ಬಾರದವರು ಬೋಟು ನಡೆಸುವಂತಿಲ್ಲ. ನಡೆಸುವವನು ಗಂಗಣ್ಣ, ಹರಿಗೋಲಿನಲ್ಲಿರುವವರು ಚೌಡೇಶ್ವರಿ.

"ನಾನು ಸಾರ್?" ನೀರು ತೊಟ್ಟಿಕ್ಕುತ್ತಿದ್ದ ಮಾಲೀಕ ಕೇಳಿದ.

"ನೀವು ದಡದಲ್ಲಿರಿ. ಇಲ್ಲಾಂದ್ರೆ ಮನೇಲಿರಿ."

ಆ ಭಾನುವಾರ ಬೆಳಗಿನ ಆರೂವರೆ ಬಸ್ಸಿಗೆ ಚೌಡೇಶ್ವರಿ ಹೊರಟಳು. ಕೇಶವಯ್ಯ ಗುಂಡಿಯೊಳಗೆ ಕಾಲಿಟ್ಟು ಸೀರೆಯ ಉಳಿದರ್ಧ ನೇಯತೊಡಗಿದ.