ಮೈಕಿನ ಎರಡನೇ ತಂತಿ

ಮದುವೆಮನೆಗೆ ಮೈಕು ಕಟ್ಟುವವನ ಹತ್ತಿರ ನಗು ತಾನಾಗಿ ಬಂದು ಬೀಳುತ್ತದೆ, ಕರೆಯಬೇಕಾಗಿಲ್ಲ. ನಲವತ್ತರ ದಶಕದಲ್ಲಿ ಕೋಲಾರದಿಂದ ನಾನು ಮೈಕಿನ ಪೆಟ್ಟಿಗೆ ಒಯ್ಯುತ್ತಿದ್ದೆ, ಜೊತೆಗಾರ ಸಾಬರು ಹಾರ್ನಿನ ಪೆಟ್ಟಿಗೆ. ಅವರ ಬ್ಯಾಟರಿ ಅವರದು, ನನ್ನದು ನನ್ನದು. ನಡುವೆ ಎರಡು ತಂತಿ. ಒಂದರಲ್ಲಿ ಮಾತು ಹೋಗುತ್ತದೆ, ಇನ್ನೊಂದು ಎರಡೂ ಪೆಟ್ಟಿಗೆಗಳ ಅರ್ತನ್ನು, ಅಂದರೆ ನೆಲದ ಸಂಪರ್ಕವನ್ನು, ಒಂದು ಮಾಡುತ್ತದೆ. ಈ ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಬರೀ ದಾರ. ಇದನ್ನು ಜನರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

ಮಾಲೂರಿನ ಪಂಚೆ

"ಎರಡನೇ ತಂತಿ ಯಾಕ್ರೀ? ಮುಟ್ಟಿದ್ರೆ ಹೊಡೆಯತ್ತಾ?" ಎಂದರು ಮದುವೆಮನೆಯ ಯಜಮಾನರು.

"ಏನೂ ಆಗಲ್ಲ" ಎಂದೆ.

ಸ್ವಲ್ಪ ಹೊತ್ತಿಗೆ ಹಾರ್ನು ಮೂಕವಾಯಿತು. ಹುಡುಕಿದರೆ ಎರಡನೇ ತಂತಿಯನ್ನು ಬಿಚ್ಚಿ ಹಿತ್ತಲಲ್ಲಿ ಎಳೆದು ಕಟ್ಟಿದ್ದಾರೆ, ಅದರ ಮೇಲೆ ಒದ್ದೆ ಪಂಚೆ! ಸಾಬರು ಬಿಚ್ಚಲು ಹೋದರೆ ಯಜಮಾನರು ತಡೆದರು: "ಒಣಗಲಿ ಇರಿ ಸಾಬ್ರೇ, ಪುರೋಹಿತರದು. ಅವರೇ ಬರದೆ ಮೈಕಲ್ಲಿ ಮಂತ್ರ ಹೇಳೋರು ಯಾರು?"

ಶ್ರೀನಿವಾಸಪುರದ ಶ್ರುತಿ

ಇಲ್ಲಿ ಹರಿಕಥೆ. ತಂತಿ ಸಾಲದೆ ಎರಡನೇ ತಂತಿಯ ಬದಲು ಒಂದೊಂದು ಪೆಟ್ಟಿಗೆಗೆ ಒಂದೊಂದು ಕಬ್ಬಿಣದ ಗೂಟ ನೆಲಕ್ಕೆ ಹೊಡೆದೆವು. ಹಾರ್ನು ಗುಂಯ್ ಎನ್ನತೊಡಗಿತು. ನಾಚಿಕೆಯಿಂದ ಸತ್ತೇ ಹೋದೆ. ಸಾಬರು ಎಲ್ಲಿಂದಲೋ ತಂತಿ ತಂದು ಸೇರಿಸಿದರು, ಗುಂಯ್ ನಿಂತಿತು. ದಾಸರೂ ಹಾಡು ನಿಲ್ಲಿಸಿದರು. "ಇಷ್ಟು ಹೊತ್ತು ಚೆನ್ನಾಗಿ ಶ್ರುತಿ ಹಿಡಿದಿತ್ತು, ಯಾರಯ್ಯಾ ಅದನ್ನ ಕಿತ್ತಿದ್ದು?"

ಮುಳಬಾಗಿಲಿನ ಬೀಗರು

ಇಲ್ಲಿ ನನ್ನನ್ನು ಕರೆಸಿದ್ದು ಗಂಡಿನ ಕಡೆಯವರು, ಸಾಬರನ್ನು ಹೆಣ್ಣಿನ ಕಡೆಯವರು. ಗಂಡಿನ ತಂದೆ ತೆಲುಗು ಗಡಿಯ ನಂಗಲಿಯವರು, ಬಂದಾಗಿನಿಂದ ಮುಖ ಬಿಗಿದುಕೊಂಡೇ ಇದ್ದರು. "ಏಮಯ್ಯಾ, ಧಾರೆ ಆಗೋ ತನಕ ನಮ್ಮ ಪೆಟ್ಟಿಗೆ ಅವರದಕ್ಕೆ ಸೇರಿಸ್ಬೇಡ" ಎಂದರು.

ಹೆಣ್ಣಿನ ತಂದೆ ನನ್ನನ್ನು ಪಕ್ಕಕ್ಕೆ ಕರೆದರು. "ಹುಡುಗಿ ಅವರಿಗೆ ಹಿಡಿಸಿಲ್ಲ ಕಣಪ್ಪಾ. ಆ ಮನೇಲಿ ನನ್ನ ಮಗಳು ಹೇಗೆ ಬಾಳ್ತಾಳೋ?" ಅವರ ಕಣ್ಣು ನೋಡಿ ನನಗೂ ಸಂಕಟವಾಯಿತು.

ನಾನು ಬೇಡಿಕೊಂಡ ಮೇಲೆ ಗಂಡಿನ ತಂದೆ ಒಂದು ಮೆಟ್ಟಿಲು ಇಳಿದರು. "ಒಂದೇ ಒಂದು ತಂತಿ ಕಟ್ಟು." ಕಟ್ಟಿದೆ. ಅವರು ಮೈಕು ತಟ್ಟಿದರು, ಊದಿದರು, ಸದ್ದಿಲ್ಲ. "ದರಿದ್ರ ಮೈಕು" ಎಂದು ಅದರ ಪಕ್ಕದಲ್ಲೇ ಹೆಂಡತಿಯೊಡನೆ ಕೂತರು. ಅತ್ತ ತಾಳ್ಮೆಗೆಟ್ಟ ಸಾಬರು ಯಾರನ್ನೂ ಕೇಳದೆ ಎರಡನೇ ತಂತಿಯನ್ನೂ ಸಿಕ್ಕಿಸಿಬಿಟ್ಟರು.

ಬೀದಿಗೆಲ್ಲ ಕೇಳುವಂತೆ ಹಾರ್ನು ಮಾತಾಡಿತು: "ಲೇ, ಹುಡುಗಿ ಬಂಗಾರ ಕಣೇ! ನಮ್ಮ ದಡ್ಡನಿಗೆ ಇಂಥೋಳು ಇನ್ನೆಲ್ಲಿ ಸಿಗ್ತಿದ್ಲು? ನೀನು ಮಾತ್ರ ಮುಖ ಸಡಿಲ ಬಿಡಬೇಡ. ಹೀಗೇ ಇದ್ರೆ ಒಬ್ಬಟ್ಟಿಗೆ ತುಪ್ಪ ಜಾಸ್ತಿ ಹಾಕ್ತಾರೆ."

ಹೆಣ್ಣಿನ ತಂದೆ ಕಣ್ಣೊರೆಸಿಕೊಂಡು ಎದ್ದು ನಿಂತು, ಅಡಿಗೆಯವರತ್ತ ತಿರುಗಿ ಕೂಗಿದರು: "ಬೀಗರ ಎಲೆ ಪಕ್ಕಕ್ಕೆ ತುಪ್ಪದ ಕೊಳಗಾನೇ ತಂದಿಡ್ರೋ!"